ಭರಣಿ ಗಾಳಿಗೆ ಹಾರಿದ ಟಾರ್ಪಲ್: ಒಂದು ಹುಲ್ಲಿನ ಮೆದೆಯ ಪ್ರಕರಣ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ನಾಲೆ ಬಯಲಿನ ಒಂದು ಊರು. ಎಂಟು ಹಸುಗಳಿರುವ ಮನೆ. ಹಾಲು ಊರಿನ ಡೇರಿಗೆ ಹೋಗುತ್ತದೆ. ಜನವರಿ ಕೊನೆಗೆ ಬತ್ತದ ಕೊಯ್ಲು ಮುಗಿದ ಮೇಲೆ 420 ರೋಲ್ ಹುಲ್ಲು ಕೊಂಡು ಹಿತ್ತಿಲಲ್ಲಿ ಒಟ್ಟಿದ್ದರು. ಮೇ ಮೊದಲ ವಾರದ ಒಂದು ಸಂಜೆ ಗಾಳಿ ಬಂತು. ಮೆದೆಯ ಮೇಲಿನ ಟಾರ್ಪಲ್ ಎದ್ದು ಪಕ್ಕದ ತೆಂಗಿನ ಮರಕ್ಕೆ ಸಿಕ್ಕಿಕೊಂಡಿತು. ಹಿಂದೆಯೇ ಮಳೆ ಬಂತು. ಆಗ ಉಳಿದಿದ್ದದ್ದು 220 ರೋಲ್. ಅದರಲ್ಲಿ 55 ಪೂರ್ತಿ ಹಾಳಾದವು.

ಇದು ನನ್ನ ಅಕ್ಕನ ಮನೆ. ಹಾಗಾಗಿ ನಡೆದದ್ದನ್ನು ಹತ್ತಿರದಿಂದ ನೋಡಿದೆ. ಇಂಥದ್ದು ಪ್ರತಿ ವರ್ಷ ಎಷ್ಟೋ ಮನೆಗಳಲ್ಲಿ ಆಗುತ್ತದೆ, ಎಲ್ಲರೂ ಒಂದೇ ಕಾರಣ ಹೇಳುತ್ತಾರೆ: ಟಾರ್ಪಲ್ ತೆಳು, ದಪ್ಪದ್ದು ತರಬೇಕಿತ್ತು. ಇಲ್ಲಿ ಆದದ್ದೇ ಬೇರೆ.

ಮೊದಲು ಹುಲ್ಲಿನ ಲೆಕ್ಕ

ಮಿಷನ್ ಕೊಯ್ಲು ಬಂದ ಮೇಲೆ ಹುಲ್ಲು ಗದ್ದೆಯಲ್ಲೇ ಸಾಲಾಗಿ ಬೀಳುತ್ತದೆ. ಟ್ರ್ಯಾಕ್ಟರ್ ಹಿಂದೆ ಕಟ್ಟಿದ ಬೇಲರ್ ಅದನ್ನು ಎತ್ತಿ ಸುತ್ತಿ ದಾರ ಕಟ್ಟಿ ಉದುರಿಸುತ್ತದೆ. ಈ ಕಡೆ ಬರುವ ಚಿಕ್ಕ ರೋಲ್ ಸುಮಾರು ಎರಡು ಅಡಿ ದಪ್ಪ, ಮೂರು ಅಡಿ ಉದ್ದ. ತೂಕ 18 ಕೆಜಿ ಆಸುಪಾಸು. ಮನೆ ಬಾಗಿಲಿಗೆ ತಂದು ಇಳಿಸಿ ರೋಲಿಗೆ 150 ರೂಪಾಯಿ ಕೊಟ್ಟಿದ್ದರು.

ಹಸಿರು ಮೇವು, ಹಿಂಡಿ ಜೊತೆಗೆ ಒಂದು ಹಸುವಿಗೆ ದಿನಕ್ಕೆ 5 ಕೆಜಿ ಹುಲ್ಲು ಅಂತ ಹಿಡಿದರೆ ಎಂಟಕ್ಕೆ 40 ಕೆಜಿ. 420 ರೋಲ್ ಅಂದರೆ ಏಳೂವರೆ ಟನ್. ಫೆಬ್ರವರಿಯಿಂದ ಆಗಸ್ಟ್ ಮೊದಲ ವಾರದವರೆಗೆ ಬರಬೇಕು. ಅಂದರೆ ಈ ಮೆದೆ ಬೇಸಿಗೆಯ ಬಿಸಿಲು, ಮುಂಗಾರಿಗೆ ಮುಂಚಿನ ಗುಡುಗು ಮಳೆ, ಆಷಾಢದ ಗಾಳಿ ಮೂರನ್ನೂ ದಾಟಬೇಕಿತ್ತು.

ಹಿಂದೆ ಮೆದೆಗೆ ಟಾರ್ಪಲ್ ಇರಲಿಲ್ಲ, ಅಲ್ವಾ? ಕುಡುಗೋಲಲ್ಲಿ ಕೊಯ್ದ ಹುಲ್ಲು ಉದ್ದಕ್ಕೆ ಇರುತ್ತಿತ್ತು. ಹೊರಕ್ಕೆ ಇಳಿಜಾರಾಗಿ ಜೋಡಿಸಿ, ಮೇಲೆ ಏಣು ಬರುವಂತೆ ಒಟ್ಟಿದರೆ ಮಳೆ ನೀರು ಮೇಲಿನ ಪದರದಲ್ಲೇ ಜಾರಿ ಕೆಳಗೆ ಬೀಳುತ್ತಿತ್ತು. ಒಳಗಿನ ಹುಲ್ಲು ವರ್ಷ ಕಳೆದರೂ ಹೊಂಬಣ್ಣ ಬಿಡುತ್ತಿರಲಿಲ್ಲ. ಮಿಷನ್ ಹುಲ್ಲಿಗೆ ಆ ಗುಣ ಇಲ್ಲ. ಅದು ತುಂಡಾಗಿ, ಜಜ್ಜಿ, ಅಡ್ಡಾದಿಡ್ಡಿಯಾಗಿ ಸುತ್ತಿಕೊಂಡಿರುತ್ತದೆ. ಮೇಲೆ ಬಿದ್ದ ನೀರು ನೇರ ಒಳಕ್ಕೆ ಇಳಿಯುತ್ತದೆ. ಹಾಗಾಗಿ ಹೊದಿಕೆ ಬೇಕೇ ಬೇಕು.

ಮೆದೆ ಹೇಗಿತ್ತು

ಉದ್ದ 33 ಅಡಿ, ಅಗಲ 13 ಅಡಿ, ಎತ್ತರ 11 ಅಡಿ ಮೀರಿ. ಬೇಲಿ ಪಕ್ಕ ಉತ್ತರ ದಕ್ಷಿಣವಾಗಿ. ಮೇಲ್ಭಾಗ ಚಪ್ಪಟೆ, ಮಂಚ ಹಾಕಿ ಮಲಗಬಹುದಿತ್ತು. ಅದರ ಮೇಲೆ 40 ಅಡಿಗೆ 30 ಅಡಿಯ ಒಂದೇ ನೀಲಿ ಟಾರ್ಪಲ್. ಅಂಚಿನ ಐಲೆಟ್ ಕಣ್ಣುಗಳಿಗೆ (ಹಗ್ಗ ಕಟ್ಟಲೆಂದೇ ಬಳೆ ಕೂರಿಸಿದ ತೂತುಗಳಿಗೆ) ಪ್ಲಾಸ್ಟಿಕ್ ದಾರ ಹಾಕಿ ರೋಲಿನ ಸುತ್ತು ದಾರಕ್ಕೇ ಕಟ್ಟಿದ್ದರು. ಮೇಲೆ ಹಳೇ ಸ್ಕೂಟರ್ ಟೈರು, ನಾಲ್ಕಾರು ಸೈಜುಗಲ್ಲು.

ಫೆಬ್ರವರಿ, ಮಾರ್ಚ್ ಆರಾಮವಾಗಿ ಕಳೆಯಿತು. ಕೊಟ್ಟಿಗೆ ಇದ್ದದ್ದು ದಕ್ಷಿಣಕ್ಕೆ, ಹಾಗಾಗಿ ದಿನಾ ಆ ತುದಿಯಿಂದಲೇ ರೋಲ್ ಎಳೆದುಕೊಳ್ಳುತ್ತಿದ್ದರು. ಏಪ್ರಿಲ್ ಕೊನೆಗೆ 33 ಅಡಿಯ ಮೆದೆ 17 ಅಡಿಗೆ ಇಳಿದಿತ್ತು. ಟಾರ್ಪಲ್ ಮಾತ್ರ ಅದೇ 40 ಅಡಿ. ಜಾಸ್ತಿಯಾದ ಭಾಗವನ್ನು ಸುಮ್ನೆ ತುದಿಯಲ್ಲಿ ಇಳಿಬಿಟ್ಟು, ಕೆಳಗೆ ಒಂದು ಕಲ್ಲು ಇಟ್ಟಿದ್ದರು. ಬೆಳಿಗ್ಗೆ ಸಂಜೆ ಎತ್ತಿ ಹುಲ್ಲು ತೆಗೆದು ಮತ್ತೆ ಬಿಡುವುದು.

ಇಡೀ ಪ್ರಕರಣದ ಬೇರು ಇಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ. ಜನವರಿಯಲ್ಲಿ ಕಟ್ಟಿದ ಕಟ್ಟು ಜನವರಿಯ ಮೆದೆಗೆ ಸರಿ ಇತ್ತು. ಮೇ ತಿಂಗಳಲ್ಲಿ ಆ ಮೆದೆ ಇರಲೇ ಇಲ್ಲ.

ಆ ಸಂಜೆ

ಏಪ್ರಿಲ್ ಕೊನೆ, ಮೇ ಮೊದಲಿಗೆ ಬೀಳುವ ಭರಣಿ ನಕ್ಷತ್ರದ ಮಳೆ ಧರಣಿಗೆ ಒಳ್ಳೆಯದು ಅಂತಾರೆ. ಹುಲ್ಲು ಒಟ್ಟಿದವರಿಗೆ ಅದೇ ಭಯ. ಏಪ್ರಿಲ್ ಮೇ ತಿಂಗಳ ಗುಡುಗು ಮೋಡದಿಂದ ತಣ್ಣನೆಯ ಗಾಳಿ ಧಡಾರನೆ ಕೆಳಗಿಳಿದು ನೆಲಕ್ಕೆ ಬಡಿದು ಎಲ್ಲಾ ಕಡೆ ಹರಡುತ್ತದೆ. ಮಳೆಗೆ ಮುಂಚೆ ಬರುವ ಆ ಹತ್ತು ಹದಿನೈದು ನಿಮಿಷದ ಗಾಳಿಗೆ ದಿಕ್ಕು ಅಂತ ಇರುವುದಿಲ್ಲ. ಆ ದಿನ ಅದು ದಕ್ಷಿಣದಿಂದ, ಅಂದರೆ ತೆರೆದ ತುದಿಯಿಂದ ನುಗ್ಗಿತು. ಇಳಿಬಿದ್ದ ಟಾರ್ಪಲ್ ಗಾಳಿ ತುಂಬಿ ಉಬ್ಬಿತು.

ಮಗ ಓಡಿಹೋಗಿ ಮೆದೆ ಹತ್ತಿ ಟಾರ್ಪಲ್ ಹಿಡಿಯಲು ನೋಡಿದ. ಅಕ್ಕ ಕೂಗಿ ನಿಲ್ಲಿಸಿದಳು. ಅದೊಂದು ಒಳ್ಳೆಯ ಕೆಲಸ ಆಯಿತು.

ಯಾಕೆ ಅಂತ ಲೆಕ್ಕ ಹಾಕಿ ನೋಡಿ. ಗಂಟೆಗೆ 50 ಕಿಮೀ ಗಾಳಿ ಒಂದು ಚದರ ಮೀಟರಿಗೆ ಸುಮಾರು 12 ಕೆಜಿ ಒತ್ತಡ ಹಾಕುತ್ತದೆ. 70 ಕಿಮೀ ಆದರೆ 23 ಕೆಜಿ. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು. ಈ ಮೆದೆಯ ತಲೆಯ ಮೇಲಿನ ಭಾಗವೇ ಆಗ 20 ಚದರ ಮೀಟರ್. ಅಷ್ಟಕ್ಕೇ 240 ಕೆಜಿ ಎತ್ತುವ ಬಲ, ಅದೂ 50 ಕಿಮೀ ಗಾಳಿಗೆ. ತುದಿಯಲ್ಲಿ ಜೋತುಬಿದ್ದ ಭಾಗದ ಸೆಳೆತ ಬೇರೆ. ಮೇಲಿದ್ದ ಟೈರು, ಕಲ್ಲು ಎಲ್ಲಾ ಸೇರಿ 100 ಕೆಜಿ ಇರಲಿಲ್ಲ. ಹದಿನೇಳು ವರ್ಷದ ಹುಡುಗ ಹಿಡಿದಿದ್ದರೆ ಅವನೂ ಜೊತೆಗೆ ಹೋಗುತ್ತಿದ್ದ. (ಬೆಂಗಳೂರಲ್ಲಿ ಕಟ್ಟಡ ಕಟ್ಟುವಾಗ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿಮೀ ಗಾಳಿಯನ್ನು ಮೂಲವಾಗಿಟ್ಟು ಲೆಕ್ಕ ಮಾಡುತ್ತಾರೆ. ಟಾರ್ಪಲ್‌ನಿಂದ ಅಷ್ಟು ಕೇಳುವುದು ಅನ್ಯಾಯ.)

ಹರಿದದ್ದು ಎಲ್ಲಿ?

ಮರದಿಂದ ಇಳಿಸಿದ ಟಾರ್ಪಲ್ ಅನ್ನು ಅಂಗಳದಲ್ಲಿ ಹರಡಿದಾಗ ಕಥೆ ತಾನಾಗೇ ತಿಳಿಯಿತು. ನಡುವಿನ ಬಟ್ಟೆ ಗಟ್ಟಿಯಾಗೇ ಇತ್ತು. ದಕ್ಷಿಣದ ಕಡೆಯ ಐಲೆಟ್‌ಗಳು ಸಾಲಾಗಿ ಕಿತ್ತುಬಂದಿದ್ದವು. ಮೊದಲನೆಯದು ಕಿತ್ತ ತಕ್ಷಣ ಅದರ ಭಾರ ಪಕ್ಕದ್ದಕ್ಕೆ ಬಿದ್ದಿದೆ, ಅದು ಕಿತ್ತು ಮುಂದಿನದಕ್ಕೆ. ಅಂಗಿಯ ಗುಂಡಿ ಪಟಪಟ ಕಿತ್ತ ಹಾಗೆ. ಉತ್ತರದ ಕಡೆ ಕಣ್ಣುಗಳು ಚೆನ್ನಾಗೇ ಇದ್ದವು, ಆದರೆ ಅವನ್ನು ಕಟ್ಟಿದ್ದ ರೋಲಿನ ದಾರ ಕಡಿದಿತ್ತು. ಬೇಲರ್ ದಾರ ಇರುವುದು ಹುಲ್ಲು ಬಿಚ್ಚಿಕೊಳ್ಳದಿರಲಿ ಅಂತ ಅಷ್ಟೇ.

ಇನ್ನೊಂದು ಗುರುತೂ ಇತ್ತು. ಮೆದೆಯ ಮೂಲೆಗೆ ತಾಗುತ್ತಿದ್ದ ಕಡೆ ಬಟ್ಟೆ ಸವೆದು ಜರಡಿಯಾಗಿತ್ತು. ಸಡಿಲವಾದ ಟಾರ್ಪಲ್ ಗಾಳಿಗೆ ಪಟಪಟನೆ ಬಡಿಯುತ್ತಾ ಒಣಹುಲ್ಲಿಗೆ ಉಜ್ಜುತ್ತದೆ. ಒಂದೇ ಬಿರುಗಾಳಿಗಿಂತ ತಿಂಗಳುಗಟ್ಟಲೆಯ ಈ ಬಡಿತವೇ ಟಾರ್ಪಲ್‌ಗೆ ಜಾಸ್ತಿ ಹಾನಿ ಮಾಡುತ್ತದೆ.

ಭಾವ ಒಪ್ಪಲಿಲ್ಲ. "ನೀನು ಏನೇ ಹೇಳು, ಇನ್ನೂ ದಪ್ಪದ್ದು ಹಾಕಿದ್ರೆ ನಿಲ್ತಿತ್ತು ಕಣಯ್ಯಾ" ಅಂದರು. ದಪ್ಪ ಟಾರ್ಪಲ್ ಬೇಡ ಅಂತ ನಾನೂ ಹೇಳುವುದಿಲ್ಲ. ಚದರ ಮೀಟರಿಗೆ 250 ಗ್ರಾಂ ತೂಗುವ, ಐಎಸ್ 7903 ಅನ್ನುವ ಭಾರತೀಯ ಮಾನಕದ ಗುರುತಿರುವ ಟಾರ್ಪಲ್ ಬಿಸಿಲಲ್ಲಿ ಹೆಚ್ಚು ದಿನ ಬಾಳುತ್ತದೆ. ಆದರೆ ಐಲೆಟ್ ಮೇಲೆ ಭಾರ ಹಾಕಿ ಕಟ್ಟಿದರೆ ದಪ್ಪದ್ದೂ ಅಂಚಿನಿಂದಲೇ ಬಿಚ್ಚಿಕೊಳ್ಳುತ್ತದೆ.

ಮಳೆಗಿಂತ ಹೆಚ್ಚು ಕೆಡಿಸಿದ್ದು

ಆ ಸಂಜೆಯ ಮಳೆ 30 ಮಿಲಿಮೀಟರ್ ಅಂತ ಹಿಡಿದರೂ 20 ಚದರ ಮೀಟರ್ ತಲೆಯ ಮೇಲೆ 600 ಲೀಟರ್ ನೀರು ಬಿದ್ದಿರುತ್ತದೆ. ಚಪ್ಪಟೆ ತಲೆ, ಹರಿದು ಹೋಗಲು ದಾರಿ ಇಲ್ಲ. ಮೇಲಿನ ಎರಡು ಪದರ ತೊಪ್ಪೆಯಾಯಿತು. ಅಷ್ಟೇ ಆಗಿದ್ದರೆ ನಷ್ಟ ಕಡಿಮೆ ಇರುತ್ತಿತ್ತು.

ಮಾರನೇ ದಿನ ಹೊಸ ಟಾರ್ಪಲ್ ತಂದರು. ಈ ಸಲ ಹಾರಬಾರದು ಅಂತ ನಾಲ್ಕೂ ಕಡೆ ನೆಲದವರೆಗೆ ಎಳೆದು, ಅಂಚಿನ ಮೇಲೆ ಮಣ್ಣು ಹಾಕಿ ಮುಚ್ಚಿದರು. ನೋಡಲು ಬಹಳ ಭದ್ರ. ಒಳಗೆ ಒದ್ದೆ ಹುಲ್ಲು, ಮೇಲೆ ಮೇ ತಿಂಗಳ ಬಿಸಿಲು. ಹಗಲು ಹುಲ್ಲಿನ ತೇವ ಹಬೆಯಾಗಿ ಮೇಲೇರುತ್ತದೆ, ರಾತ್ರಿ ಟಾರ್ಪಲ್ ತಣ್ಣಗಾದಾಗ ಒಳಮೈಗೆ ಹನಿಗಟ್ಟಿ ಮತ್ತೆ ಹುಲ್ಲಿನ ಮೇಲೇ ತೊಟ್ಟಿಕ್ಕುತ್ತದೆ. ಆರನೇ ದಿನ ಕೊಟ್ಟಿಗೆಯವರೆಗೆ ಮುಗ್ಗಲು ವಾಸನೆ ಬಂತು. ತೆರೆದರೆ ಬಿಳಿ, ಬೂದು ಬೂಷ್ಟು. ಕೈ ಒಳಗೆ ತೂರಿಸಿದರೆ ಬೆಚ್ಚಗೆ.

ಇಲ್ಲಿ ಒಂದು ಗೊಂದಲ ಆಗುವುದುಂಟು. ಒಣಹುಲ್ಲಿನ ಸತ್ವ ಹೆಚ್ಚಿಸಲು ಯೂರಿಯಾ ಉಪಚಾರ ಮಾಡುವಾಗ ಹುಲ್ಲನ್ನು ಗಾಳಿಯಾಡದಂತೆ ಮುಚ್ಚಬೇಕು: 100 ಕೆಜಿ ಹುಲ್ಲಿಗೆ 4 ಕೆಜಿ ಯೂರಿಯಾ, 50 ಲೀಟರಿನಷ್ಟು ನೀರು, ಮೂರು ವಾರ. ಅಲ್ಲಿ ಹುಟ್ಟುವ ಅಮೋನಿಯ ಹೊರಗೆ ಹೋಗಬಾರದು, ಬೂಷ್ಟು ತಡೆಯುವುದೂ ಅದೇ. ಬರೀ ಹುಲ್ಲನ್ನು ಕಾಪಿಡುವಾಗ ಬೇಕಾದದ್ದು ಅದಕ್ಕೆ ಪೂರ್ತಿ ಉಲ್ಟಾ. ತರಬೇತಿಯಲ್ಲಿ ಉಪಚಾರದ ಮೆದೆ ನೋಡಿ ಬಂದವರು ಮನೆಯ ಒಣಮೆದೆಯನ್ನೂ ಹಾಗೇ ಮುಚ್ಚಿದ್ದನ್ನು ಬೇರೆ ಕಡೆಯೂ ನೋಡಿದ್ದೇನೆ.

ಒದ್ದೆ ಹುಲ್ಲು ಬಿಸಿಯಾಗುತ್ತಾ ಹೋದರೆ ತಾನಾಗೇ ಹೊತ್ತಿಕೊಳ್ಳಲೂಬಹುದು. ಒಳಗಿನ ಬಿಸಿ 65 ಡಿಗ್ರಿ ದಾಟಿದರೆ ಕಾವಲು ಕೂರಬೇಕು. 80ರ ಹತ್ತಿರ ಬಂದರೆ ಮೆದೆಯನ್ನು ಕೀಳಲೂ ಬಾರದು, ಕಿತ್ತರೆ ಗಾಳಿ ಸಿಕ್ಕಿ ಬೆಂಕಿ ಏಳುತ್ತದೆ. ಆಗ ಅಗ್ನಿಶಾಮಕದವರನ್ನು ಕರೆಯುವುದೇ ಸರಿ. ಮನೆಯಲ್ಲಿ ಥರ್ಮಾಮೀಟರ್ ಇರುವುದಿಲ್ಲ. ಉದ್ದನೆಯ ಕಬ್ಬಿಣದ ಸರಳನ್ನು ಮೆದೆಯ ನಡುವಿನವರೆಗೆ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಎಳೆದು ಮುಟ್ಟಿ ನೋಡಬಹುದು. ಕೈಯಲ್ಲಿ ಹಿಡಿಯಲು ಆಗದಿದ್ದರೆ ಅಪಾಯ. ಇಲ್ಲಿ ಸರಳು ಬೆಚ್ಚಗಿತ್ತು, ಹಿಡಿಯಬಹುದಿತ್ತು. ಹಾಗಾಗಿ ಮೆದೆ ಬಿಚ್ಚಲು ಧೈರ್ಯ ಬಂತು.

ತಿನ್ನಿಸಬಹುದಾ?

ಇದರ ಮೇಲೆ ಮನೆಯಲ್ಲಿ ಜಗಳವೇ ಆಯಿತು. ಬೂಷ್ಟು ಕೊಡವಿ, ಬೆಲ್ಲದ ನೀರು ಚಿಮುಕಿಸಿ, ಒಳ್ಳೆ ಹುಲ್ಲಿನ ಜೊತೆ ಬೆರೆಸಿ ಹಾಕೋಣ ಅಂತ ಭಾವನ ವಾದ. "ರೀ, ಹಸುನೇ ಮೂಸಿ ಬಿಟ್ಮೇಲೆ ಇನ್ನೇನು ಕೇಳೋದು?" ಅಂತ ಅಕ್ಕ.

ಅಕ್ಕನ ಮಾತೇ ಸರಿ. ಬೂಷ್ಟು ಹಿಡಿದ ಮೇವಿನಲ್ಲಿ ಅಫ್ಲಾಟಾಕ್ಸಿನ್ ಅನ್ನುವ ಬೂಷ್ಟಿನ ವಿಷ ಇದ್ದರೆ ಅದು ಎಂ1 ಅನ್ನುವ ರೂಪದಲ್ಲಿ ಹಾಲಿಗೂ ಬರುತ್ತದೆ. ಹಾಲಿನಲ್ಲಿ ಅಫ್ಲಾಟಾಕ್ಸಿನ್ ಎಂ1 ಒಂದು ಕೆಜಿಗೆ 0.5 ಮೈಕ್ರೋಗ್ರಾಂ ದಾಟಬಾರದು ಅಂತ ದೇಶದ ಆಹಾರ ಸುರಕ್ಷತಾ ನಿಯಮವೇ ಇದೆ. ಬತ್ತದ ಹುಲ್ಲಿನ ಬೂಷ್ಟಿನಿಂದ ಬರುವ ದೆಗ್ನಾಲ ಅನ್ನುವ ಕಾಯಿಲೆಯೂ ಇದೆ. ಎಮ್ಮೆಗಳಿಗೆ ಜಾಸ್ತಿ, ಹಸುಗಳಿಗೂ ಬರುತ್ತದೆ. ಬಾಲದ ತುದಿ, ಕಿವಿ, ಗೊರಸಿನ ಮೇಲಿನ ಭಾಗ ಕೊಳೆಯುತ್ತಾ ಹೋಗುತ್ತದೆ. ಬೆಲ್ಲದ ನೀರಿನಿಂದ ವಿಷ ಹೋಗುವುದಿಲ್ಲ, ಹಸು ಮೋಸಹೋಗಿ ತಿನ್ನುತ್ತದೆ ಅಷ್ಟೇ. ಕೊಡವುವವರ ಶ್ವಾಸಕ್ಕೂ ಅದು ಕೆಟ್ಟದ್ದು, ಮೂಗಿಗೆ ಬಟ್ಟೆ ಕಟ್ಟದೆ ಆ ಕೆಲಸ ಮಾಡಬಾರದು.

ಕೊನೆಗೆ 220 ರೋಲ್ ಮೂರು ಪಾಲಾಯಿತು. 140 ಒಣ, ಒಳ್ಳೆಯವು. 25 ರೋಲ್ ಬರೀ ಹೊರಮೈ ತೇವ, ಬೂಷ್ಟಿಲ್ಲ. ಬಿಚ್ಚಿ ಬಿಸಿಲಿಗೆ ಹರಡಿ, ಒಣಗಿದ ಮೇಲೆ ಮೊದಲು ತಿನ್ನಿಸಿದರು. 55 ರೋಲ್ ತೆಂಗಿನ ಬುಡಕ್ಕೆ ಮುಚ್ಚಿಗೆಯಾಗಿ, ತಿಪ್ಪೆಗೆ ಹೋಯಿತು. ಹುಲ್ಲಿನ ದುಡ್ಡೇ 8,250 ರೂಪಾಯಿ.

ಮತ್ತೆ ಒಟ್ಟಿದ್ದು

ಭಾವನ ದೊಡ್ಡಪ್ಪ ಎಂಬತ್ತು ದಾಟಿದವರು, ಒಂದು ಕಾಲಕ್ಕೆ ಊರಿಗೆಲ್ಲಾ ಮೆದೆ ಒಟ್ಟುತ್ತಿದ್ದವರು. ಕೋಲೂರಿ ಬಂದು ನಿಂತು ಕೇಳಿದ್ದು ಒಂದೇ: "ಮೇಲ್ಗಡೆ ಇಷ್ಟು ಚಪ್ಪಟೆ ಬಿಟ್ರೆ ನೀರು ಎಲ್ಲಿಗ್ರೋ ಹೋಯ್ತದೆ?"

ಹಾಗಾಗಿ ಮೊದಲು ಆಕಾರ ಬದಲಾಯಿತು. ಕೆಳಗೆ ತೆಂಗಿನ ಮರದ ಸೀಳು ಹಾಸಿ ನೆಲದಿಂದ ಗೇಣು ಎತ್ತರ ಮಾಡಿದರು. ನೆಲದ ತೇವ, ಗೆದ್ದಲು ಎರಡಕ್ಕೂ ಅದು ತಡೆ. ರೋಲ್‌ಗಳನ್ನು ಉದ್ದಕ್ಕೆ ಮಲಗಿಸಿ ಅಡಿಯಲ್ಲಿ 7, ಅದರ ಸಂದಿನಲ್ಲಿ 6, ಆಮೇಲೆ 5, 4, 3, 2, ನೆತ್ತಿಗೆ 1. ಅಂದರೆ ಒಂದು ಸುತ್ತಿಗೆ 28 ರೋಲ್. ಅಂಥ ಐದು ಸುತ್ತು ಒಂದರ ಹಿಂದೆ ಒಂದು, ಲೆಕ್ಕ 140ಕ್ಕೆ ಸರಿಹೋಯಿತು. ದುಂಡು ರೋಲು ಜಾರಬಾರದು ಅಂತ ಅಡಿಯ ಸಾಲಿನ ಎರಡೂ ಬದಿಗೆ ಗೂಟ ಹೊಡೆದರು. ಮೆದೆಯ ಉದ್ದವನ್ನು ಪೂರ್ವ ಪಶ್ಚಿಮಕ್ಕೆ ತಿರುಗಿಸಿದರು. ಜೂನ್ ನಂತರ ಗಾಳಿ ಪಶ್ಚಿಮದಿಂದ ಬೀಸುತ್ತದೆ, ಅದಕ್ಕೆ ಸಿಗುವುದು ಕಿರಿದಾದ ತುದಿ ಮಾತ್ರ. ಹುಲ್ಲು ತೆಗೆಯುವುದು ಪೂರ್ವದ ತುದಿಯಿಂದ.

ನೆತ್ತಿ ಮತ್ತು ಇಳಿಜಾರಿನ ಮೇಲೆ ಒಣಗಿದ ತೆಂಗಿನ ಗರಿ ಹಾಸಿ ಅದರ ಮೇಲೆ ಟಾರ್ಪಲ್. ಗರಿ ಇದ್ದರೆ ಪ್ಲಾಸ್ಟಿಕ್ಕಿಗೂ ಹುಲ್ಲಿಗೂ ನಡುವೆ ಗಾಳಿ ಓಡಾಡುತ್ತದೆ, ಹನಿ ಬಿದ್ದರೂ ಗರಿಯ ಮೇಲೆ ಬೀಳುತ್ತದೆ. ಟಾರ್ಪಲ್ 8 ಮೀಟರ್‌ಗೆ 6 ಮೀಟರ್. 6 ಮೀಟರ್ ಅಡ್ಡಕ್ಕೆ ಹಾಕಿದ್ದರಿಂದ ಎರಡೂ ಪಕ್ಕ ಕೆಳಗಿನ ಮೂರಡಿ ಬಯಲಾಗೇ ಉಳಿಯಿತು. ಅದು ಬೇಕೆಂದೇ ಬಿಟ್ಟದ್ದು. ಅಷ್ಟು ಭಾಗಕ್ಕೆ ಎರಚಲು ಹೊಡೆದರೂ ಗಾಳಿಗೆ ಆರುತ್ತದೆ. ಪಶ್ಚಿಮದ ತುದಿಯಲ್ಲಿ ಮಾತ್ರ ಟಾರ್ಪಲ್ ಇಳಿಸಿ ಬಿಗಿದರು.

ಕಟ್ಟುವ ಕೆಲಸಕ್ಕೆ ಊರಿನ ಒಬ್ಬ ಲಾರಿ ಡ್ರೈವರ್ ಸಿಕ್ಕಿದ್ದು ಅದೃಷ್ಟ. ಟಾರ್ಪಲ್ ಕಟ್ಟುವುದು ಲಾರಿಯವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ. ಅವನು ಐಲೆಟ್ ಮುಟ್ಟಲೇ ಇಲ್ಲ. ಪಕ್ಕದ ಅಂಚನ್ನು ಬಿದಿರು ಗಳಕ್ಕೆ ಎರಡು ಸುತ್ತು ಸುತ್ತಿಸಿದ. ಎಳೆತ ಒಂದು ಕಣ್ಣಿನ ಮೇಲೆ ಬೀಳದೆ ಇಡೀ ಗಳದ ಉದ್ದಕ್ಕೆ ಹಂಚಿಹೋಗುತ್ತದೆ. ಆಮೇಲೆ ತೆಂಗಿನ ನಾರಿನ ಹಗ್ಗವನ್ನು ಮೆದೆಯ ಮೇಲಿಂದ ಆಚೆಗೆ ಎಸೆದು, ನಾಲ್ಕಡಿಗೆ ಒಂದರಂತೆ ನಾಲ್ಕು ಹಗ್ಗ. ನಾರಿನ ಹಗ್ಗ ಒರಟು, ಪ್ಲಾಸ್ಟಿಕ್ ಮೇಲೆ ಜಾರುವುದಿಲ್ಲ. ಹಗ್ಗ ಏಣು ದಾಟುವ ಕಡೆ ಗೋಣಿಚೀಲದ ಮಡಿಕೆ ಇಟ್ಟ, ಉಜ್ಜದಿರಲಿ ಅಂತ. ಅಂಚಿನ ನಡುವೆ ಎಲ್ಲಾದರೂ ಕಟ್ಟಲೇಬೇಕಾದರೆ ನಿಂಬೆಹಣ್ಣಿನ ಗಾತ್ರದ ನುಣುಪು ಕಲ್ಲನ್ನು ಟಾರ್ಪಲ್ ಒಳಗಿಟ್ಟು, ಹೊರಗಿನಿಂದ ಅದರ ಕುತ್ತಿಗೆಗೆ ಹಗ್ಗ ಬಿಗಿದ. ತೂತಿಲ್ಲ, ಹಾಗಾಗಿ ಹರಿಯಲು ಶುರುವಾಗುವ ಜಾಗವೂ ಇಲ್ಲ.

ಹಗ್ಗದ ತುದಿಗೆ ಗೂಟ ಹೊಡೆಯೋಣ ಅಂತ ಭಾವ. ದೊಡ್ಡಪ್ಪ ಬೇಡ ಅಂದರು, ಹಿಂದೆ ಮೆದೆಯ ಮೇಲೆ ಹುರಿ ಹಾಯಿಸಿ ಎರಡೂ ತುದಿಗೆ ಕಲ್ಲು ನೇತುಹಾಕುತ್ತಿದ್ದರಂತೆ. ಯೋಚಿಸಿದರೆ ಅದರಲ್ಲಿ ಒಳ್ಳೆ ಲೆಕ್ಕ ಇದೆ. ಹುಲ್ಲು ದಿನ ಕಳೆದಂತೆ ತಗ್ಗುತ್ತದೆ. ಗೂಟಕ್ಕೆ ಬಿಗಿದ ಹಗ್ಗ ವಾರದಲ್ಲಿ ಸಡಿಲ. ನೇತುಬಿದ್ದ ಭಾರವಾದರೆ ಮೆದೆ ಎಷ್ಟು ತಗ್ಗಿದರೂ ತಾನೇ ಎಳೆದು ಹಿಡಿದಿರುತ್ತದೆ. 30 ಕೆಜಿ ಮರಳು ತುಂಬಿದ ಎಂಟು ಚೀಲ ನೆಲ ತಾಗದಂತೆ ನೇತುಹಾಕಿದರು, ಒಟ್ಟು 240 ಕೆಜಿ. ಪಶ್ಚಿಮದ ಎರಡು ಮೂಲೆಗೆ ಮಾತ್ರ ಗೂಟವೂ ಬಿತ್ತು. ಕೊನೆಗೆ ತೋಟದಲ್ಲಿ ಬಿದ್ದಿದ್ದ ಹಳೇ ಶೇಡ್ ನೆಟ್ ಅನ್ನು ಎಲ್ಲದರ ಮೇಲೆ ಬಿಗಿದರು. ಅದು ಬಿಸಿಲನ್ನೂ ತಡೆಯುತ್ತದೆ, ಟಾರ್ಪಲ್ ಬಡಿದುಕೊಳ್ಳುವುದನ್ನೂ ತಡೆಯುತ್ತದೆ.

ಮೆದೆ ಕರಗುವ ಸಮಸ್ಯೆಗೆ ಉತ್ತರ ಆ 28ರ ಸುತ್ತಿನಲ್ಲೇ ಇತ್ತು. ಎಂಟು ಹಸುವಿಗೆ ಒಂದು ಸುತ್ತು ಹನ್ನೆರಡು ಹದಿಮೂರು ದಿನ ಬರುತ್ತದೆ. ಒಂದು ಸುತ್ತು ಮುಗಿದಾಗ ಪೂರ್ವದ ಅಂಚಿನ ಗಳಕ್ಕೆ ಟಾರ್ಪಲ್ ಮೂರಡಿ ಸುತ್ತಿ, ಆ ಕಡೆಯ ಹಗ್ಗವನ್ನು ಹಿಂದಕ್ಕೆ ಸರಿಸಿ ಕಟ್ಟುವುದು. ಈ ಕೆಲಸ ಅಕ್ಕ ವಹಿಸಿಕೊಂಡಳು. ಗೋಡೆಯ ಕ್ಯಾಲೆಂಡರಿನಲ್ಲಿ ಗ್ಯಾಸ್ ಸಿಲಿಂಡರ್ ತಾರೀಖಿನ ಪಕ್ಕದಲ್ಲೇ ಇದನ್ನೂ ಗುರುತು ಹಾಕುತ್ತಿದ್ದಳು.

ಆಮೇಲೆ

ರೋಹಿಣಿ ಮಳೆಯ ಹೊತ್ತಿಗೆ ಇನ್ನೊಂದು ಗಾಳಿ ಬಂತು, ಊರಲ್ಲಿ ಎರಡು ಮನೆಯ ಶೀಟು ಎದ್ದವು. ಮೆದೆ ಅಲುಗಲಿಲ್ಲ. ಆಷಾಢವಿಡೀ ಪಶ್ಚಿಮದ ಗಾಳಿ ಬೀಸಿದರೂ ಟಾರ್ಪಲ್ ಸದ್ದು ಮಾಡಲಿಲ್ಲ.

ಎಲ್ಲಾ ಸರಿಹೋಯಿತು ಅಂತಲೂ ಅಲ್ಲ. ಮರಳು ತುಂಬಿದ್ದು ಖಾಲಿ ಸಿಮೆಂಟ್ ಚೀಲಕ್ಕೆ. ಬಿಸಿಲಿಗೆ ಅದು ಪುಡಿಯಾಗಿ ಜೂನ್ ಕೊನೆಗೆ ಮೂರು ಚೀಲ ಒಡೆದವು. ಆಮೇಲೆ ಹಳೇ ಪೇಂಟ್ ಡಬ್ಬಕ್ಕೆ ಮರಳು ತುಂಬಿ ನೇತುಹಾಕಿದರು. ಕೆಳಗಿನ ಗೇಣು ಸಂದಿಯಲ್ಲಿ ಇಲಿ ಸೇರಿಕೊಂಡವು, ಇಲಿ ಇದ್ದ ಕಡೆ ಹಾವು ಬರದೆ ಇರುತ್ತದಾ? ಹುಲ್ಲು ತೆಗೆಯುವ ಮುಂಚೆ ಕೋಲಿನಿಂದ ತಟ್ಟುವುದು ಅಭ್ಯಾಸವಾಯಿತು. ಪಶ್ಚಿಮದ ತುದಿಯ ಅಡಿಯ ಎರಡು ರೋಲ್ ಎರಚಲಿಗೆ ಕಪ್ಪಾದವು.

55 ರೋಲ್ ಕಳೆದದ್ದರಿಂದ ಹುಲ್ಲು ಜುಲೈ ಮಧ್ಯಕ್ಕೇ ಮುಗಿಯಿತು. ಮಳೆಗಾಲದಲ್ಲಿ ಕೊಳ್ಳುವವರಿಗೆ ರೇಟು ಹೇಳುವವನೇ ರಾಜ, ರೋಲಿಗೆ 220 ಕೊಟ್ಟು ತಂದರು. ಈ ವರ್ಷವೂ 420 ರೋಲ್ ಇಳಿಸಿದ್ದಾರೆ. ಒಂದೇ ಮೆದೆಯ ಬದಲು 140ರ ಮೂರು ಮೆದೆ, ನಡುವೆ ಗಾಡಿ ಹೋಗುವಷ್ಟು ಜಾಗ, ಒಂದೊಂದಕ್ಕೂ ಅದೇ 8ಕ್ಕೆ 6ರ ಟಾರ್ಪಲ್. ಒಂದು ಪೂರ್ತಿ ಖಾಲಿಯಾಗುವವರೆಗೆ ಇನ್ನೊಂದರ ಹಗ್ಗ ಬಿಚ್ಚುವುದಿಲ್ಲ. ಶೀಟಿನ ಶೆಡ್ ಹಾಕಿಸುವ ಮಾತು ಭಾವ ಇನ್ನೂ ಬಿಟ್ಟಿಲ್ಲ, ಅಂದಾಜು ಪಟ್ಟಿ ನೋಡಿದ ಮೇಲೆ ಸ್ವಲ್ಪ ತಣ್ಣಗಾಗಿದ್ದಾರೆ ಅಷ್ಟೇ.